ಎರಡು ವಿಮಾನ, ನನ್ನೊಂದು ರುಜು

ಆಗ ನನಗೆ ಎಪ್ಪತ್ತೊಂದು. ಈಗ್ಗೆ ಐದು ವರ್ಷದ ಹಿಂದಿನ ಮಾತು. ಕೈಕಾಲು ಗಟ್ಟಿ ಇತ್ತು, ಮುಂದಿನ ಹಲ್ಲುಗಳಷ್ಟೂ ನನ್ನವೇ ಆಗಿದ್ದವು, ನನ್ನ ರುಜು ಇಲ್ಲದೆ ತೋಟದ ಒಂದು ಸಿಲ್ವರ್ ಮರವನ್ನೂ ಯಾರೂ ಮಾರುವ ಹಾಗಿರಲಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ರುಜು ಹಾಕಲು ಅಷ್ಟು ಸಾಕು.

ಗಂಡ ತೀರಿಕೊಂಡ ಮೇಲೆ ಮೂಡಿಗೆರೆ ಕಡೆಯ ಈ ಕಾಫಿ ತೋಟ ಮೂವರ ಹೆಸರಿಗೆ ಬಂತು. ನನಗೆ, ಮಗನಿಗೆ, ಮಗಳಿಗೆ. ಮಗ ದೊಡ್ಡವನು, ಆಗಲೇ ಐವತ್ತರ ಹತ್ತಿರ. ತೋಟ ನೋಡಿಕೊಳ್ಳುವವನು ಅವನೇ. ನೋಡಿಕೊಳ್ಳುವುದೆಂದರೆ ಜೀಪಿನಿಂದ ಇಳಿಯದೆ ನೋಡುವುದು. ಮಗಳು ವಿಮಾನ ಓಡಿಸುವುದು ಕಲಿತವಳು. ಉತ್ತರದ ಬೆಟ್ಟದ ಸೀಮೆಯಲ್ಲಿ ಒಂದು ಸಣ್ಣ ಕಂಪನಿಯ ವಿಮಾನ ಓಡಿಸುತ್ತಿದ್ದಳು. ಆಲೂಗಡ್ಡೆ, ಮೇಕೆ, ಬಸುರಿಯರು, ಹೆಣ, ಎಲ್ಲವನ್ನೂ ಹೊತ್ತಿದ್ದಾಳಂತೆ. ಆ ಕಂಪನಿ ಮುಚ್ಚಿತು. ಅದೇ ವರ್ಷ ಅವಳ ಗಂಡನೂ ಬೇರೆಯವಳ ಜೊತೆ ಹೋದ. ಎರಡು ಪೆಟ್ಟಿಗೆ ಹಿಡಿದು ಮನೆಗೆ ಬಂದಳು. ಬಾಗಿಲಲ್ಲೇ ಹೇಳಿದೆ, ಊಟಕ್ಕೆ ಈ ಮನೆಯಲ್ಲಿ ಕೊರತೆ ಇಲ್ಲ, ಮರ್ಯಾದೆ ಮಾತ್ರ ನೀನೇ ದುಡಿದುಕೊಳ್ಳಬೇಕು ಎಂದು. ಅವಳು ಅತ್ತಿದ್ದರೆ ನನಗೆ ಅಸಹ್ಯವಾಗುತ್ತಿತ್ತು. ಅಳಲಿಲ್ಲ.

ಅಣ್ಣ ತಂಗಿಗೆ ಚಿಕ್ಕಂದಿನಿಂದಲೂ ಆಗದು. ಊಟಕ್ಕೆ ಕೂತರೆ ಸಾಕು, ಅವನು ಶುರು ಮಾಡುತ್ತಿದ್ದ. "ಗಂಡನ್ನೇ ಹಿಡ್ದಿಡಕ್ಕೆ ಆಗ್ದೋಳು ವಿಮಾನ ಹಿಡೀತಾಳಂತೆ." ಅವಳು ಸಾರು ಬಡಿಸಿಕೊಳ್ಳುತ್ತಲೇ, "ಚಾರ್ಮಾಡಿ ಘಾಟೀಲಿ ಹಿಂದಿನ ಸೀಟಲ್ಲಿ ಕೂತ್ರೆ ವಾಂತಿ ಮಾಡ್ಕೊಳ್ಳೋನು ಮಾತಾಡ್ಬಾರ್ದು" ಎನ್ನುತ್ತಿದ್ದಳು. ನಾನು ಯಾರನ್ನೂ ಬಿಡಿಸುತ್ತಿರಲಿಲ್ಲ. ನಾಯಿ ಕಚ್ಚಾಡುವಾಗ ನಡುವೆ ಕೈ ಹಾಕಿದವರಿಗೇ ಗಾಯ.

ಅಂಥವನಿಗೆ ಒಂದು ದಿನ ವಿಮಾನ ಕೊಳ್ಳುವ ಹುಚ್ಚು ಹಿಡಿಯಿತು. ಚಿಕ್ಕಮಗಳೂರಿನ ಕ್ಲಬ್ಬಿನಲ್ಲಿ ಯಾರೋ ಕಿವಿಗೆ ಹಾಕಿದ್ದರು. ಕೆಳಗಿನ ತೋಟ ಮಾರಿ ಒಂದು ವಿಮಾನ ತಂದರೆ, ದೊಡ್ಡ ಪ್ಲಾಂಟರುಗಳೆಲ್ಲ ಬಾಡಿಗೆಗೆ ಹತ್ತುತ್ತಾರೆ, ತನಗೂ ಬೆಂಗಳೂರಿನ ಓಡಾಟ ಸುಲಭ ಎಂದ. ಕೆಳಗಿನ ತೋಟ ಮಾರಲು ಮೂವರ ರುಜು ಬೇಕು. ತಂಗಿ ಒಂದೇ ಮಾತು ಹೇಳಿದಳು: ಓಡಿಸುವವಳು ನಾನಾದರೆ ರುಜು ಹಾಕುತ್ತೇನೆ. ಹಾರದೆ ಕೂತರೆ ಅವಳ ಲೈಸೆನ್ಸು ಸತ್ತು ಹೋಗುತ್ತದಂತೆ. ಆ ವರ್ಷ ದಾಟಿದರೆ ಮತ್ತೆ ಮೊದಲಿನಿಂದ ಪರೀಕ್ಷೆ, ತರಬೇತಿ. ಆ ವಯಸ್ಸಿನಲ್ಲಿ ಯಾವ ಕಂಪನಿಯೂ ಅವಳನ್ನು ಕರೆಯುವುದಿಲ್ಲ. ಬೇರೆ ದಾರಿ ಇರಲಿಲ್ಲ ಅವಳಿಗೆ. ಮಗ ನನ್ನೆದುರೇ ಆಗಲಿ ಎಂದ.

ಆಮೇಲೆ ಯಾವ ವಿಮಾನ ಎಂಬ ಪ್ರಶ್ನೆ ಬಂತು. ಅಲ್ಲಿಗೆ ಆಗಲಿ ಎಂದದ್ದು ಹಾಳಾಯಿತು.

ಬೆಂಗಳೂರಿನಿಂದ ವಿಮಾನ ಮಾರುವವನೊಬ್ಬ ಬಂದ. ನುಣ್ಣಗೆ ಕ್ಷೌರ ಮಾಡಿಸಿಕೊಂಡಿದ್ದ, ಬೂಟು ಬಿಚ್ಚಿ ಒಳಗೆ ಬಂದ, ಅಷ್ಟರ ಮಟ್ಟಿಗೆ ಸಂಸ್ಕಾರವಂತ. ಅವನ ಹತ್ತಿರ ಎರಡು ಜಾತಿ ಇದ್ದವು. ಎರಡಕ್ಕೂ ಮೂತಿಗೆ ಒಂದೇ ಫ್ಯಾನು, ಅದರ ಹಿಂದೆ ಒಂದೇ ಎಂಜಿನ್ನು. ಟರ್ಬೋಪ್ರಾಪ್ ಅನ್ನುತ್ತಾರೆ. ದೊಡ್ಡ ಜೆಟ್ಟಿನ ಎಂಜಿನ್ನೇ ಚಿಕ್ಕದಾಗಿ ಫ್ಯಾನು ತಿರುಗಿಸುತ್ತದೆ, ಸೀಮೆಎಣ್ಣೆಯ ಜಾತಿಯ ಎಣ್ಣೆ ಕುಡಿಯುತ್ತದೆ ಎಂದು ಮಗಳು ಬಿಡಿಸಿ ಹೇಳಿದಳು. ಒಂದು ಹೊರೆ ಹೊರುವಂಥದು. ರೆಕ್ಕೆ ತಲೆಯ ಮೇಲೆ, ದಪ್ಪ ಚಕ್ರ ಯಾವಾಗಲೂ ಹೊರಗೇ ಇರುತ್ತದೆ, ಹಿಂದಿನ ಬಾಗಿಲಲ್ಲಿ ಮಂಚ ಸಮೇತ ರೋಗಿಯನ್ನು ನುಗ್ಗಿಸಬಹುದು. ನಿಧಾನ. ಆದರೆ ಹುಲ್ಲಿನ ಮೇಲೆ, ಮಣ್ಣಿನ ಮೇಲೆ, ಗಿಡ್ಡ ಜಾಗದಲ್ಲಿ ಇಳಿಯುತ್ತದೆ. ಇನ್ನೊಂದು ವೇಗದ್ದು. ರೆಕ್ಕೆ ಕೆಳಗೆ, ಹಾರಿದೊಡನೆ ಚಕ್ರ ಒಳಕ್ಕೆ ಎಳೆದುಕೊಳ್ಳುತ್ತದೆ, ಒಳಗೆ ಕುಕ್ಕರಿನ ಹಾಗೆ ಗಾಳಿ ಒತ್ತಿ ಮುಚ್ಚಿರುತ್ತದೆ, ಮೋಡದ ಮೇಲೆ ಹೋಗುತ್ತದೆ. ಅದಕ್ಕೆ ಉದ್ದದ ಟಾರು ರಸ್ತೆ ಬೇಕು.

ನಮ್ಮ ತೋಟದಲ್ಲಿ ಒಂದು ಬಯಲಿದೆ. ಹಿಂದೆ ಮಾವನವರ ಕಾಲದಲ್ಲಿ ಗಿಡಕ್ಕೆ ಔಷಧಿ ಹೊಡೆಯುವ ವಿಮಾನ ಇಳಿಯಲಿ ಎಂದು ಮಟ್ಟ ಮಾಡಿಸಿದ್ದು. ಈಗ ಹಸು ಮೇಯುತ್ತವೆ. ಒಂದು ತುದಿಯಲ್ಲಿ ಹಳೆಯ ಅರೇಬಿಕಾ ಕಾಫಿ, ಇನ್ನೊಂದು ತುದಿಯಲ್ಲಿ ಬೇಸಿಗೆಯಲ್ಲೂ ಕಾಲಿಟ್ಟರೆ ಕೆಸರಲ್ಲಿ ಮೊಣಕಾಲು ಮುಳುಗುವ ಹಡ್ಲು. ಹೊರೆಯ ವಿಮಾನಕ್ಕೆ ಆ ಬಯಲು ಸಾಕು. ಮಗಳು ಅಂಥದನ್ನೇ ಬೆಟ್ಟದ ಸೀಮೆಯಲ್ಲಿ ಓಡಿಸಿದ್ದವಳು. ಅದು ಬಂದರೆ ಇಲ್ಲಿಂದಲೇ ಹತ್ತಿ ಇಲ್ಲೇ ಇಳಿಯುತ್ತಾಳೆ, ಕಳಸ ಹೊರನಾಡು ಕಡೆಯ ರೋಗಿಗಳನ್ನು ಮಂಗಳೂರಿಗೆ ಸಾಗಿಸುತ್ತಾಳೆ, ದುಡಿಯುತ್ತಾಳೆ. ವೇಗದ್ದು ಬಂದರೆ ಅದು ಇರುವುದು ಮಂಗಳೂರಿನಲ್ಲಿ, ಓಡಿಸುವವನು ಬೆಂಗಳೂರಿನವನು. ಅದನ್ನು ಓಡಿಸುವ ತರಬೇತಿ ಇವಳಿಗಿಲ್ಲ. ಮಗನಿಗೆ ವೇಗದ್ದೇ ಬೇಕಿತ್ತು. ಅದು ವೇಗಕ್ಕಾಗಿ ಮಾತ್ರ ಅಲ್ಲ ಎಂದು ನನಗೆ ಗೊತ್ತಿತ್ತು.

ವೇಗದ್ದನ್ನು ನೋಡಲು ಘಾಟಿ ಇಳಿದು ಮಂಗಳೂರಿಗೆ ಹೋದೆವು. ನಾನು ಮುಂದೆ ಕೂತೆ. ಮಗ ಹಿಂದೆ ಕೂತು ಎರಡು ಕಡೆ ಕಾರು ನಿಲ್ಲಿಸುವಂತೆ ಮಾಡಿದ. ವಿಮಾನ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಬಿಳಿ ಮೈ, ಮದುವೆಯ ಮನೆಯ ಬೆಳ್ಳಿ ಚೆಂಬಿನ ಹಾಗೆ ಹೊಳೆಯುತ್ತಿತ್ತು. ಒಳಗೆ ಚರ್ಮದ ಕುರ್ಚಿ. ಮಾರುವವನು, ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಬೆಂಗಳೂರು ಅಮ್ಮಾವ್ರೇ ಎಂದ. ಇಲ್ಲಿಗೆ ಬರಲೇ ಅರ್ಧ ದಿನ ಹೋಯಿತಲ್ಲ ಮಾರಾಯ, ಅಷ್ಟರಲ್ಲಿ ಕಾರಿನಲ್ಲೇ ಬೆಂಗಳೂರು ಮುಟ್ಟುತ್ತಿದ್ದೆನಲ್ಲ ಎಂದೆ. ಅವನು ನಕ್ಕ. ಮಗ ನಗಲಿಲ್ಲ. ನಮ್ಮ ಬಯಲಿಗೇ ಟಾರು ಹಾಕಿಸುತ್ತೇನೆ, ಅರೇಬಿಕಾ ಕಿತ್ತು ಉದ್ದ ಮಾಡಿಸುತ್ತೇನೆ ಎಂದ. ಮಳೆಗಾಲದಲ್ಲಿ ಏನು ಮಾಡುತ್ತದೆ ಎಂದು ಕೇಳಿದೆ. ಮೋಡದ ಮೇಲೆ ಹೋಗುತ್ತದೆ ಎಂದ. ಮೇಲೆ ಹೋದದ್ದು ಕೆಳಗೆ ಇಳಿಯಬೇಕಲ್ಲ ಎಂದೆ. ಆಷಾಢದಲ್ಲಿ ಎರಡು ವಿಮಾನವೂ ನೆನೆದ ಕೋಳಿಯ ಹಾಗೆ ಮೂಲೆಯಲ್ಲಿ ಕೂರುವಂಥವೇ.

ಎಂಜಿನ್ನು ನಿಂತರೆ ಎಂದು ನಾನು ಕೇಳಿದ್ದಕ್ಕೆ ಮಾರುವವನು ಅದು ನಿಲ್ಲುವುದೇ ಇಲ್ಲ ಎಂದ. ಮಗಳು ಬೇರೆ ಹೇಳಿದಳು. ಎರಡೂ ನಿಲ್ಲಬಹುದು, ನಿಂತರೆ ಎರಡೂ ತೇಲಿಕೊಂಡು ಇಳಿಯುತ್ತವೆ, ಆದರೆ ನೆಲ ಮುಟ್ಟುವಾಗ ಹೊರೆಯದ್ದು ನಿಧಾನಕ್ಕೆ ಮುಟ್ಟುತ್ತದೆ, ಗದ್ದೆಯಲ್ಲೂ ಇಳಿಸಿ ಬದುಕಬಹುದು, ವೇಗದ್ದು ನೆಲಕ್ಕೂ ವೇಗವಾಗಿಯೇ ಬರುತ್ತದೆ ಎಂದಳು. ಮಗ, ಶುರುವಾಯ್ತು ಅಪಶಕುನ ಎಂದ.

ಮನೆಗೆ ಬಂದು ನಾನು ತೀರ್ಮಾನ ಹೇಳಿದೆ. ಈ ಮನೆಗೆ ಯಾವ ಗಾಡಿ ಬಂದರೂ ಒಂದು ಪದ್ಧತಿ ಇದೆ. ಜೀಪಾಗಲಿ ಟ್ರ್ಯಾಕ್ಟರಾಗಲಿ, ನಮ್ಮ ಮಾಲು ತುಂಬಿ, ನಮ್ಮ ಏರು ಹತ್ತಿಸಿ ನೋಡದೆ ಕೊಂಡವರಿಲ್ಲ. ಹೊರೆಯ ವಿಮಾನವನ್ನು ನಮ್ಮ ಬಯಲಿಗೆ ತರಿಸಿ. ತುಂಬ ಕಾಫಿ ಮೂಟೆ ಹಾಕಿ. ಅದು ಮೇಲೆ ಹತ್ತಿ, ಒಂದು ಸುತ್ತು ಹಾಕಿ, ಇಳಿದರೆ ಅದಕ್ಕೇ ನನ್ನ ರುಜು. ಆಗದಿದ್ದರೆ ಮಗ ಹೇಳಿದ್ದಕ್ಕೆ. ಇಬ್ಬರೂ ಒಪ್ಪಿದರು. ಮಗಳಂತೂ ಕುಣಿಯುವುದೊಂದು ಬಾಕಿ.

ಅದು ಕೊಯ್ಲಿನ ಕಾಲ. ಇಲ್ಲಿ ಒಂದು ವಿಷಯ ಹೇಳಬೇಕು. ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜಕ್ಕೆ ಪಾರ್ಚ್‌ಮೆಂಟ್ ಅನ್ನುತ್ತೇವೆ. ಅದನ್ನು ಕಣದಲ್ಲಿ ಹರಡಿ ದಿನಗಟ್ಟಲೆ ಒಣಗಿಸಬೇಕು. ಒಂದು ದಿನದ ಬಿಸಿಲಿಗೆ ಮೇಲಿನ ಹೊಟ್ಟು ಗರಿಗರಿ ಆಗಿ ಒಣಗಿದಂತೆ ಕಾಣುತ್ತದೆ, ಒಳಗಿನ ಬೀಜ ನೀರು ಕುಡಿದು ಭಾರವಾಗಿ ಕೂತಿರುತ್ತದೆ. ಒಣಗಿದೆಯೋ ಇಲ್ಲವೋ ನೋಡಲು ಬೀಜ ಕಚ್ಚಬೇಕು. ಟಕ್ ಎಂದು ಒಡೆದರೆ ಆಯಿತು, ಹಲ್ಲಿಗೆ ಮೆತ್ತಗೆ ಸಿಕ್ಕರೆ ಇಲ್ಲ. ನಮ್ಮ ಮನೆಯಲ್ಲಿ ಕಚ್ಚಿ ನೋಡದ ಮೂಟೆಯ ಬಾಯಿ ಹೊಲಿಯುವುದಿಲ್ಲ. ಹೊಲಿದ ಮೇಲೆ ಯಾರೂ ಬಿಚ್ಚಿ ನೋಡುವುದಿಲ್ಲ, ಬಿಚ್ಚಿದರೆ ಹೊಲಿದವನ ಮುಖಕ್ಕೆ ಉಗಿದ ಹಾಗೆ. ಹಾಗಾಗಿ ಹೊಲಿದ ಮೂಟೆ ಎಂದರೆ ಒಂದೇ ತೂಕ. ಈ ಮನೆಯಲ್ಲಿ ಹುಟ್ಟಿದ ಮಕ್ಕಳಿಗೆ ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಗೊತ್ತಿರುತ್ತದೆ.

ವಿಮಾನ ಬಂತು. ಸುತ್ತಲಿನ ತೋಟದ ಜನ, ಕೂಲಿ ಲೈನಿನ ಹೆಂಗಸರು ಮಕ್ಕಳು ಎಲ್ಲ ಬಯಲಿನ ಅಂಚಿಗೆ ಬಂದು ನಿಂತರು. ಕಂಪನಿಯ ಪೈಲಟ್ ಒಬ್ಬ ನಡುವಯಸ್ಸಿನವನು, ಮಾತು ಕಮ್ಮಿ. ಮೂಟೆ ಎಷ್ಟೆಷ್ಟು ತೂಗುತ್ತದೆ, ತಕ್ಕಡಿ ಇದೆಯೇ ಎಂದು ಕೇಳಿದ. ಮಗ, ತಕ್ಕಡಿ ರಿಪೇರಿಗೆ ಆಲ್ದೂರಿಗೆ ಹೋಗಿದೆ ಎಂದ. ಆಗ ಮಗಳೇ ಮುಂದೆ ಬಂದು, ನಮ್ಮ ಮನೆಯ ಹೊಲಿದ ಮೂಟೆ ಇಷ್ಟೇ ತೂಗುವುದು, ಅದಕ್ಕೆ ನಾನು ಜವಾಬ್ದಾರಿ ಎಂದಳು. ಅವನು ಅವಳ ಮಾತು ನಂಬಿ ಲೆಕ್ಕ ಹಾಕಿದ. ಅವಳೂ ಪೈಲಟ್ಟಲ್ಲವೇ. ಇಬ್ಬರೂ ಮೂತಿಯ ಹತ್ತಿರ ನಿಂತು ಚಕ್ರ, ಫ್ಯಾನು ನೋಡುತ್ತಿದ್ದಾಗ ಹಿಂದಿನ ಬಾಗಿಲಲ್ಲಿ ಮಗ ನಿಂತು ಮೂಟೆ ತುಂಬಿಸಿದ. ನಾನು ಅಲ್ಲಿಗೆ ತಲುಪುವಾಗ ತುಂಬಿ ಬಲೆ ಕಟ್ಟಿ ಆಗಿತ್ತು.

ಮಗಳು ಪೈಲಟ್ಟಿನ ಪಕ್ಕ ಹತ್ತಿ ಕೂತಳು. ಕಿವಿಗೆ ಹೆಡ್‌ಫೋನು ಹಾಕಿಕೊಂಡು ನನ್ನ ಕಡೆ ಕೈ ಎತ್ತಿದಳು. ಮನೆಗೆ ಬಂದ ಮೇಲೆ ಅವಳ ಮುಖ ಅಷ್ಟು ಚೆನ್ನಾಗಿ ಕಂಡದ್ದು ಅದೊಂದೇ ಸಲ.

ವಿಮಾನ ಅರೇಬಿಕಾದ ತುದಿಯಿಂದ ಹೊರಟಿತು. ಸದ್ದಿಗೆ ಹಸುಗಳು ಬೇಲಿ ಹಾರಿದವು. ಅರ್ಧ ಬಯಲು ದಾಟಿತು, ಮೂತಿ ಏಳಲಿಲ್ಲ. ಮುಕ್ಕಾಲು ದಾಟಿತು, ಮೂತಿ ಸ್ವಲ್ಪ ಎದ್ದು ಮತ್ತೆ ಬಿತ್ತು. ಪೈಲಟ್ ಫ್ಯಾನು ಹಿಂದುಮುಂದು ಮಾಡಿ ಬ್ರೇಕು ಹಾಕಿದನಂತೆ, ನಮಗೆ ಕಂಡದ್ದು ಇಷ್ಟೇ: ವಿಮಾನ ಜಾರಿಕೊಂಡು ಹೋಗಿ ಹಡ್ಲಿಗೆ ಮೂತಿ ಇಟ್ಟಿತು, ಬಾಲ ಮೇಲೆದ್ದಿತು, ಫ್ಯಾನು ಕೆಸರು ಎರಚಿ ನಿಂತುಹೋಯಿತು.

ಆಮೇಲೆ ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕರೆ ಸಾಕಲ್ಲ. ಒಳಗಿದ್ದವರು ಸತ್ತರೋ ಬದುಕಿದರೋ ಗೊತ್ತಾಗುವ ಮೊದಲೇ ಬಯಲಿನ ಅಂಚೆಲ್ಲ ನಗತೊಡಗಿತು. ಮಗ ನನ್ನ ಕಡೆ ತಿರುಗಿದ.

"ನೋಡಿದ್ಯಾ ಅಮ್ಮ? ಆಯ್ತಲ್ಲ ನಿನ್ನ ಪರೀಕ್ಷೆ."

ತಂಗಿ ಇದ್ದಾಳಾ ಎಂದು ಅವನು ಕೇಳಲಿಲ್ಲ. ನಾನು ದೊಣ್ಣೆ ಊರಿಕೊಂಡು ಹಡ್ಲಿನ ಕಡೆ ನಡೆದೆ.

ಮಗಳು ಕೆಸರಿಗೆ ಇಳಿದು ನಿಂತಿದ್ದಳು. ಹುಬ್ಬು ಸೀಳಿ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಪೈಲಟ್ ಬಲಗೈ ಎದೆಗೆ ಒತ್ತಿ ಹಿಡಿದುಕೊಂಡಿದ್ದ, ಮಣಿಕಟ್ಟು ಮುರಿದಿತ್ತು. ಫ್ಯಾನಿನ ರೆಕ್ಕೆಗಳು ಬಾಡಿದ ಬಾಳೆಲೆಯ ಹಾಗೆ ಬಗ್ಗಿದ್ದವು. ಅವಳು ಏನೋ ತಪ್ಪಾಗಿದೆ, ಏನೋ ತಪ್ಪಾಗಿದೆ ಎಂದು ಅವನಿಗೆ ಹೇಳುತ್ತಲೇ ಇದ್ದಳು. ಅವನು ಅವಳ ಮುಖ ನೋಡಲಿಲ್ಲ.

ಆಳುಗಳು ಹಿಂದಿನ ಬಾಗಿಲು ತೆರೆದು ಮೂಟೆ ಇಳಿಸತೊಡಗಿದರು. ಒಬ್ಬೊಬ್ಬನೇ ಬೆನ್ನಿಗೆ ಹಾಕಿಕೊಂಡು ಓಡುವ ಮೂಟೆಯನ್ನು ಇಬ್ಬಿಬ್ಬರು ಹಿಡಿದು ಏದುಸಿರು ಬಿಡುತ್ತಿದ್ದರು. ಒಂದು ಜಾರಿ ಬಿದ್ದು ಬಾಯಿ ಬಿಚ್ಚಿತು. ನಾನು ಬಗ್ಗಿ ಒಂದು ಬೀಜ ತೆಗೆದು ಹೊಟ್ಟು ಬಿಡಿಸಿ ಕಚ್ಚಿದೆ. ಬೇಯಿಸಿದ ಕಡಲೆಕಾಯಿಯ ಹಾಗೆ ಚಪ್ಪಟೆ ಆಯಿತು. ಇನ್ನೊಂದು ಮೂಟೆಗೆ ಕುಡುಗೋಲು ಹಾಕಿಸಿದೆ. ಅದೂ ಹಾಗೇ. ಒಂದೇ ಬಿಸಿಲು ಕಂಡ ಮಾಲು.

ಮೇಸ್ತ್ರಿಯನ್ನು ಕರೆದು, ಇದನ್ನು ಹೊಲಿದವರು ಯಾರು ಎಂದು ಕೇಳಿದೆ. ಅವನು ನೆಲ ನೋಡಿದ.

"ನಾವೇ ಅಮ್ಮ. ಅಯ್ಯಾವ್ರು ಹೊಲೀರಿ ಅಂದ್ರು, ಹೊಲಿದ್ವಿ."

ಮಗ ಅಷ್ಟರಲ್ಲಿ ಹತ್ತಿರ ಬಂದಿದ್ದ. ಮುಚ್ಚಿಡುವ ಪ್ರಯತ್ನವನ್ನೂ ಮಾಡಲಿಲ್ಲ. ನಾನು ಒಣಗಿದ್ದು ಎಂದು ಯಾರಿಗೂ ಹೇಳಿಲ್ಲ, ಅವಳು ಕೇಳಲೂ ಇಲ್ಲ, ಹೊರೆ ಹೊರುವ ವಿಮಾನ ಎಂದರೆ ಹೊರಬೇಕಪ್ಪ, ನಾಳೆ ಇನ್ಯಾರಾದರೂ ಹಸಿ ಮಾಲು ಹಾಕುವುದಿಲ್ಲವೇ ಎಂದ. ಹತ್ತುವುದಿಲ್ಲ, ನಿಲ್ಲುತ್ತದೆ ಅಂದುಕೊಂಡಿದ್ದೆ, ಹಡ್ಲಿಗೆ ಹೋಗುತ್ತದೆ ಅಂದುಕೊಂಡಿರಲಿಲ್ಲ ಎಂದೂ ಸೇರಿಸಿದ. ಅಷ್ಟು ಅವನ ಮಟ್ಟಿಗೆ ಪಶ್ಚಾತ್ತಾಪ.

ಮಾರುವವನು ತಲೆ ಮೇಲೆ ಕೈ ಹೊತ್ತು ಫೋನು ಹಿಡಿದು ಓಡಾಡುತ್ತಿದ್ದ. ಪೈಲಟ್ಟನ್ನೂ ಮಗಳನ್ನೂ ಮೂಡಿಗೆರೆ ಆಸ್ಪತ್ರೆಗೆ ಕಳಿಸಿದೆ. ಮಗನ ಕೈಗೆ ಕಣದಲ್ಲಿ ಬೀಜ ಹರಡುವ ಹಲುಬೆ ಕೊಟ್ಟು, ಎಲ್ಲ ಮೂಟೆ ನೀನೇ ಬಿಚ್ಚಿ ನೀನೇ ಹರಡು, ಹೊಲಿದ ಹಸಿ ಮಾಲು ಹುಳಿ ಬಂದು ನಾರುತ್ತದೆ ಎಂದೆ. ಆಳುಗಳ ಎದುರೇ ಹೇಳಿದೆ. ಐವತ್ತರ ಗಂಡಸು, ಪ್ಯಾಂಟು ಮಡಚಿಕೊಂಡು ಹರಡಿದ. ಬೇರೆ ಮಾಡುವುದೇನಿತ್ತು, ರುಜು ಇನ್ನೂ ನನ್ನ ಕೈಯಲ್ಲಿತ್ತು.

ಮಗಳು ಸಂಜೆ ಬಂದಳು. ಹುಬ್ಬಿಗೆ ಹೊಲಿಗೆ ಹಾಕಿದ್ದರು, ಒಂದು ಕಣ್ಣು ಊದಿ ಮುಚ್ಚಿತ್ತು. ಅಡುಗೆಮನೆಯಲ್ಲಿ ನನ್ನೆದುರು ಕೂತಳು. ಅಣ್ಣ ಬಾಗಿಲ ಹತ್ತಿರ ನಿಂತಿದ್ದ. ಅವಳು ಅವನನ್ನು ಬೈಯಲಿಲ್ಲ. ನೇರ ನನ್ನನ್ನೇ ಕೇಳಿದಳು.

"ಮೋಸ ಅಂತ ಗೊತ್ತಾಯ್ತಲ್ಲ ಅಮ್ಮ. ಒಣಗಿದ್ ಮಾಲು ಹಾಕಿ ಇನ್ನೊಂದ್ಸಲ ನೋಡು. ಬೇರೆ ವಿಮಾನ ತರಿಸ್ತಾರೆ. ಅದು ಹತ್ತೇ ಹತ್ತುತ್ತೆ."

"ಹತ್ತುತ್ತೆ, ಗೊತ್ತು."

"ಮತ್ತೆ?"

"ನೀನು ಒಂದು ಮೂಟೆನಾದ್ರೂ ಎತ್ತಿ ನೋಡಿದ್ಯಾ?"

"ಹೊಲಿದ ಮೂಟೆ ಅಮ್ಮ. ನಮ್ಮನೇದು."

"ತುಂಬಿಸ್ದೋನು ಯಾರು ಅಂತ ನೋಡ್ಲಿಲ್ವಾ? ಅವ್ನನ್ನ ನೀನು ಹುಟ್ದಾಗಿಂದ ನೋಡಿದ್ದೀಯ."

"ಅಷ್ಟು ಮಾಡ್ತಾನೆ ಅಂತ ಅನ್ನಿಸ್ಲಿಲ್ಲ" ಎಂದಳು.

"ಅನ್ನಿಸ್ಬೇಕಿತ್ತು. ಪಕ್ಕದಲ್ಲಿ ಬೇರೆಯವ್ರ ಮಗ ಕೂತಿದ್ದ. ನಿನ್ನ ಮಾತು ನಂಬಿ ಕೂತಿದ್ದ. ನಾಳೆ ಮಂಚದ ಮೇಲೆ ರೋಗೀನ ಇಟ್ಕೊಂಡು, ಯಾರೋ ಹೊಲಿದಿದ್ದಾರೆ ಅಂತ ಹತ್ತಿಸ್ತೀಯ. ಅವ್ನು ಮೋಸ ಮಾಡ್ದ, ನೀನು ಮೋಸ ಹೋದೆ. ಮೇಲೆ ಹೋದ್ಮೇಲೆ ಎರಡೂ ಒಂದೇ."

ಬಾಗಿಲ ಹತ್ತಿರ ಮಗನ ಮುಖ ಅರಳಿತು. ಹಾಗಾದರೆ ನನ್ನದಕ್ಕೆ ರುಜು ಎಂದು ಅವನು ತಿಳಿದುಕೊಂಡ. ಕೇಳಿಯೂ ಬಿಟ್ಟ.

"ನಿಂಗೆ ಎಂತಕ್ಕೆ?" ಎಂದೆ. "ತಂಗಿನ ಕೆಸರಿಗೆ ಇಳ್ಸಿ ನಗಕ್ಕೆ ನಿಂತೋನು ನೀನು. ನಿನ್ನ ವಿಮಾನಕ್ಕೆ ನಾನು ಜಮೀನು ಮಾರ್ಬೇಕಾ? ಕೆಳಗಿನ ತೋಟ ಮಾರೋದಿಲ್ಲ. ಎರಡೂ ಬ್ಯಾಡ."

ಮಗಳ ಊದದ ಕಣ್ಣು ನನ್ನ ಮೇಲೇ ಇತ್ತು. ಈ ವರ್ಷ ಹೋದರೆ ನನ್ನ ಲೈಸೆನ್ಸು ಹೋಯಿತು, ಅದು ನಿನಗೆ ಗೊತ್ತಲ್ಲ ಎಂದಳು. ಗೊತ್ತು ಎಂದೆ. ತಪ್ಪು ಮಾಡಿದವನಿಗೂ ನನಗೂ ಒಂದೇ ಶಿಕ್ಷೆಯಾ ಎಂದಳು. ಒಂದೇ ಅಲ್ಲ, ಅವನಿಗೆ ಹೋದದ್ದು ಚರ್ಮದ ಕುರ್ಚಿ, ನಿನ್ನದು ಜಾಸ್ತಿ, ಆದರೂ ಇಲ್ಲ ಎಂದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಮಕ್ಕಳು ಸಾಯುವುದಿಲ್ಲ. ಅವಳು ಎದ್ದು ತಟ್ಟೆ ಹಾಕಿಕೊಂಡು ಊಟ ಮಾಡಿದಳು. ಅಗಿಯುವಾಗ ಹೊಲಿಗೆ ಎಳೆಯುತ್ತಿತ್ತು, ಆದರೂ ಪೂರ್ತಿ ಮಾಡಿದಳು.

ಆ ವಿಮಾನದ ನಷ್ಟಕ್ಕೆ ಮಗನ ಜೀಪು, ಅವನ ಪಾಲಿನ ಆ ವರ್ಷದ ಕಾಫಿ ಎಲ್ಲ ಹೋಯಿತು. ರೆಕ್ಕೆ ಕಳಚಿ ಲಾರಿಯ ಮೇಲೆ ಹಾಕಿಕೊಂಡು ಹೋದರು. ಬೆಟ್ಟ ಇಳಿಯುವಾಗ ದಾರಿಯುದ್ದಕ್ಕೂ ಜನ ನಿಂತು ಫೋಟೋ ಹಿಡಿದರಂತೆ. ಮಗಳ ಲೈಸೆನ್ಸು ಹೇಳಿದ ಹಾಗೇ ಸತ್ತಿತು. ಈಗ ಕಣ ಅವಳ ಸುಪರ್ದಿಯಲ್ಲಿದೆ. ಪ್ರತಿ ಮೂಟೆಯನ್ನೂ ತೂಗಿಸುತ್ತಾಳೆ, ಹೊಲಿದದ್ದನ್ನೂ ಬಿಚ್ಚಿಸುತ್ತಾಳೆ, ಯಾರ ಮುಖಕ್ಕೆ ಉಗಿದ ಹಾಗಾದರೂ ಅವಳಿಗೆ ಲಕ್ಷ್ಯವಿಲ್ಲ. ಆಳುಗಳಿಗೆ ಅವಳನ್ನು ಕಂಡರೆ ನನಗಿಂತ ಹೆಚ್ಚು ಭಯ. ಅಣ್ಣನ ಜೊತೆ ಮಾತಿಲ್ಲ. ನನ್ನ ಜೊತೆ ಬೇಕಾದಷ್ಟು ಮಾತ್ರ. ಹೆತ್ತವಳೇ ಮಗಳ ರೆಕ್ಕೆ ಮುರಿದಳು ಎಂದು ನೆಂಟರಲ್ಲಿ ಕೆಲವರು ಹೇಳುತ್ತಾರೆ. ಅವರು ಆ ವಿಮಾನದಲ್ಲಿ ಕೂರುವವರಾಗಿರಲಿಲ್ಲ. ಪೈಲಟ್ಟಿನ ಮಣಿಕಟ್ಟು ನೇರ ಕೂಡಲಿಲ್ಲವಂತೆ, ಅದನ್ನು ಯಾರೂ ಹೇಳುವುದಿಲ್ಲ.

ವಿಮಾನ ಹಡ್ಲಿಗೆ ಬಿದ್ದ ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿದು, ಗುದ್ದಲಿ ಹಿಡಿದ ಆಳುಗಳನ್ನು ಕರೆದುಕೊಂಡು ಬಯಲಿಗೆ ಹೋದೆ. ಗುಂಡಿ ಹೊಡೆಯುವ ಕಾಲವಲ್ಲ, ನೆಲ ಕಲ್ಲಾಗಿತ್ತು. ಆದರೂ ಅರೇಬಿಕಾದ ತುದಿಯಿಂದ ಶುರುಮಾಡಿ ಬಯಲಿನ ಉದ್ದಕ್ಕೂ ಕಾಫಿ ಗಿಡಕ್ಕೆ ಗುಂಡಿ ಹೊಡೆಸಿದೆ, ಇನ್ನು ಯಾವ ಜಾತಿಯ ವಿಮಾನವೂ ಇಳಿಯದ ಹಾಗೆ. ಬಿಸಿಲೇರುವಾಗ ಮಗಳು ಪಟ್ಟಿ ಕಟ್ಟಿದ ಹಣೆ ಹೊತ್ತು ಬಂದಳು. ಸ್ವಲ್ಪ ಹೊತ್ತು ನಿಂತು ನೋಡಿ, ಸಾಲು ಸೊಟ್ಟ ಆಗುತ್ತಿದೆ ಎಂದಳು. ಆಗುತ್ತಿತ್ತು. ಹಗ್ಗ ತರಿಸಿ ಹಿಡಿಸಿದೆ.